ಶುಭ ಶುಕ್ರವಾರದ ಪ್ರಬೋಧನೆ: ಯೇಸುವನ್ನು ಕೊಂದವರು ಯಾರು?



ಧರ್ಮೋಪದೇಶದ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಮಕ್ಕಳು ಥಟ್ಟನೆ 'ಯೆಹೂದ್ಯರು' ಎನ್ನುತ್ತಾರೆ. ಶುಭ ಶುಕ್ರವಾರ ಸಂತ ಯೊವಾನ್ನರ ಶುಭಸಂದೇಶದಿಂದ ಪಾಡುಗಳನ್ನು ಓದುವಾಗ ಆ ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಸಾರವಾಡ, ಬಬಲೇಶ್ವರದ ಕಡೆ ಯೆಹೂದ್ಯರನ್ನು ಕಣ್ಣಾರೆ ಕಂಡವರೇ ಅಪರೂಪ. ಆದ್ದರಿಂದ ಯೆಹೂದ್ಯದ್ವೇಷ ದೂರದೇಶದ ಪಾಪವೆಂದು ನಾವು ಭಾವಿಸುತ್ತೇವೆ.

ನಮ್ಮ ವಿಜಯಪುರದ ಚರಿತ್ರೆ ಬೇರೆಯೇ ಹೇಳುತ್ತದೆ. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಕಾರವಾರದ ಬಳಿಯ ಅಂಜುದೀವ್ ದ್ವೀಪದಲ್ಲಿ ತಂಗಿದ್ದವು. ಯೂಸುಫ್ ಆದಿಲ್ ಶಾಹನ ಸೇವೆಯಲ್ಲಿದ್ದ ಯೆಹೂದ್ಯನೊಬ್ಬ ಅಲ್ಲಿಗೆ ಬಂದಾಗ ಗೂಢಚಾರನೆಂದು ಹಿಡಿದು ಥಳಿಸಿದರು. ಸೆರೆಯಲ್ಲೇ ದೀಕ್ಷಾಸ್ನಾನ ಕೊಟ್ಟು ಗಾಸ್ಪರ್ ಡ ಗಾಮ ಎಂದು ಹೆಸರಿಟ್ಟರು. ಬಂಧಿಗೆ ಬೇಡವೆನ್ನುವ ಸ್ವಾತಂತ್ರ್ಯ ಎಲ್ಲಿತ್ತು?

ಮುಂದೆ ಆದಿಲ್ ಶಾಹರ ಕೈತಪ್ಪಿದ ಗೋವೆಯಲ್ಲಿ ಗಾರ್ಸಿಯ ದ ಓರ್ತ ಎಂಬ ವೈದ್ಯರಿದ್ದರು. ಯೆಹೂದ್ಯ ಮೂಲದ ಕುಟುಂಬ. ನಮ್ಮ ನಾಡಿನ ಗಿಡಮೂಲಿಕೆಗಳ ಬಗ್ಗೆ 1563ರಲ್ಲಿ ಹೆಸರಾಂತ ಗ್ರಂಥ ಅಚ್ಚುಹಾಕಿಸಿದವರು. ಅವರು ತೀರಿಕೊಂಡ ಮರುವರ್ಷ, 1569ರಲ್ಲಿ, ಗುಟ್ಟಾಗಿ ಯೆಹೂದ್ಯಳಾಗಿ ಉಳಿದಳೆಂಬ ಆರೋಪದ ಮೇಲೆ ಅವರ ತಂಗಿ ಕತರೀನಳನ್ನು ಜೀವಂತ ಸುಡಲಾಯಿತು. 1580ರಲ್ಲಿ ವೈದ್ಯರ ಮೂಳೆಗಳನ್ನೂ ಅಗೆದು ತೆಗೆದು ಸುಟ್ಟರು. ತೀರ್ಪು ಕೊಟ್ಟದ್ದು ನಮ್ಮ ಧರ್ಮಸಭೆಯದೇ ನ್ಯಾಯಪೀಠ. ಇದನ್ನು ಮಕ್ಕಳಿಂದ ಮುಚ್ಚಿಡಬಾರದು.

1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿತು: ಕ್ರಿಸ್ತರ ಪಾಡುಗಳ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸಲಾಗದು. ಶಿಲುಬೆಗೇರಿಸಿದವರು ಪಿಲಾತನ ರೋಮನ್ ಸೈನಿಕರು. ಶಿಲುಬೆಯ ಬುಡದಲ್ಲಿ ಅಳುತ್ತ ನಿಂತ ಮಾತೆ ಮರಿಯಮ್ಮ ಯೆಹೂದ್ಯಳು. ಪಾಡುಗಳ ವಾಚನಕ್ಕೆ ಮುಂಚಿನ ಭಾನುವಾರವೇ ಧರ್ಮೋಪದೇಶಕರು ಇಷ್ಟನ್ನು ತಿಳಿಸಬಹುದಲ್ಲ!

ಹಿಟ್ಲರನ ಆಡಳಿತ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಿತು. ನಾವಾದರೋ ಕಟ್ಟುನಿಟ್ಟಿನ ಅಪ್ಪನಿಗೆ 'ಹಿಟ್ಲರ್' ಎಂದು ಹೆಸರಿಟ್ಟು ನಗುತ್ತೇವೆ. ಕನ್ನಡದ ಧಾರಾವಾಹಿಗೂ ಆ ಹೆಸರು ಬಂತು. ಆ ನರಮೇಧವನ್ನು ಶಾಲೆಗಳಲ್ಲಿ ಕಲಿಸುವುದಾಗಿ 2000ದಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹಲವು ರಾಷ್ಟ್ರಗಳು ಒಪ್ಪಿದವು. ಅದೇ ಕೆಲಸಕ್ಕಾಗಿ ಕೂಡಿದ 31 ರಾಷ್ಟ್ರಗಳ ಒಕ್ಕೂಟ 2016ರಲ್ಲಿ ಯೆಹೂದ್ಯದ್ವೇಷಕ್ಕೆ ಒಂದು ವ್ಯಾಖ್ಯೆ ಕೊಟ್ಟಿತು. ಭಾರತ ಅದರ ಸದಸ್ಯನಲ್ಲ. ವ್ಯಾಖ್ಯೆಯ ಕೆಲವು ಉದಾಹರಣೆಗಳ ಬಗ್ಗೆ ವಿದ್ವಾಂಸರಲ್ಲೇ ಜಗಳವಿದೆ. ಆದರೆ ಬೇರೆ ದೇಶಗಳನ್ನು ಟೀಕಿಸುವಂತೆಯೇ ಇಸ್ರೇಲನ್ನು ಟೀಕಿಸಿದರೆ ಅದು ಯೆಹೂದ್ಯದ್ವೇಷವಲ್ಲ ಎಂಬ ಮಾತೂ ಅದರೊಡನೆ ಇದೆ. ಗಾಜಾದ ಮಕ್ಕಳಿಗಾಗಿ ನಾವು ಕಣ್ಣೀರಿಡಬಹುದು, ಪ್ರಾರ್ಥಿಸಬೇಕು. ಅದಕ್ಕಾಗಿ ಮುಂಬಯಿಯ ಯೆಹೂದ್ಯ ಮನೆತನವೊಂದನ್ನು ಶಪಿಸಿದರೆ ಮಾತ್ರ ಅದು ಆ ಹಳೆಯ ದ್ವೇಷವೇ.