ಪಸ್ತಾಪುರದ ಸಂಘಂ ಶಾಟ್

ಕಾಲೇಜು ವಿದ್ಯಾರ್ಥಿಗಳ ಚಿತ್ರಕಥೆ ಸ್ಪರ್ಧೆಗಳ ನಿಯಮಾವಳಿ ಎಲ್ಲಿಯದನ್ನು ತೆಗೆದು ನೋಡಿದರೂ ಹೆಚ್ಚುಕಡಿಮೆ ಒಂದೇ ಬಗೆ. ಮೊದಲು ಎರಡು ಸಾಲಿನ ಒನ್‌ಲೈನ್, ಆಮೇಲೆ ಒಂದು ಪುಟದ ಸಾರಾಂಶ, ಕೊನೆಗೆ ಸೀನ್ ನಂಬರ್ ಹಾಕಿ, ಒಳಗೋ ಹೊರಗೋ, ಹಗಲೋ ರಾತ್ರಿಯೋ ಎಂದು ನಮೂದಿಸಿ ಟೈಪ್ ಮಾಡಿದ ಪೂರ್ತಿ ಪ್ರತಿ. ಪುಟಕ್ಕೊಂದು ನಿಮಿಷ ಎಂಬ ಲೆಕ್ಕ ಬೇರೆ. ಇಂಥ ಸ್ಪರ್ಧೆಗಳಿಗೆ ಒಳ್ಳೆಯ ಹಿನ್ನೆಲೆಯೇ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಹೆಸರಿನ ಪ್ರಶಸ್ತಿ 1955ರಲ್ಲಿ ಶುರುವಾಯಿತು. 1962ರಲ್ಲಿ ಅದನ್ನು ಗೆದ್ದ ವಿದ್ಯಾರ್ಥಿಯ ಹೆಸರು ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ. ಹತ್ತು ವರ್ಷಕ್ಕೆ ಆತ ‘ದಿ ಗಾಡ್‌ಫಾದರ್’ ಮಾಡಿದ. ನಮ್ಮಲ್ಲಿಯೂ ಗೋವಾ ಚಿತ್ರೋತ್ಸವ 2021ರಿಂದ ಯುವ ಪ್ರತಿಭೆಗಳನ್ನು ಆರಿಸಿ ಕರೆಸಿಕೊಳ್ಳುತ್ತಿದೆ. ಅದರಲ್ಲಿ ಚಿತ್ರಕಥೆ ಬರೆಯುವವರಿಗೂ ಒಂದು ಪಾಲು ಉಂಟು.

ಇದೆಲ್ಲ ಅಕ್ಷರ ಬಲ್ಲವರ ಲೋಕ. ಹಾಳೆಯ ಮೇಲೆ ಒಂದು ಸೀನ್ ಕೂಡ ಬರೆಯದೆ ನೂರಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದ ಹೆಂಗಸರ ಗುಂಪೊಂದು ಬೀದರಿನ ಪಕ್ಕದಲ್ಲೇ ಇದೆ ಎಂಬುದು ನಮ್ಮ ಕಾಲೇಜುಗಳಿಗೆ ಗೊತ್ತಿದ್ದಂತಿಲ್ಲ. ಚಿತ್ರಕಥೆ ಕಲಿಯುವವರು ಮೊದಲು ನೋಡಬೇಕಾದ ಜಾಗ ಅದು ಎಂದು ನನ್ನ ಎಣಿಕೆ.

ಊರು ಪಸ್ತಾಪುರ. ಹೈದರಾಬಾದ್–ಮುಂಬೈ ಹೆದ್ದಾರಿಯ ಮೇಲಿರುವ ಜಹೀರಾಬಾದಿಗೆ ಅಂಟಿಕೊಂಡ ಹಳ್ಳಿ. ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ. 1956ಕ್ಕೆ ಮುಂಚೆ ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಗುಲ್ಬರ್ಗದ್ದು. ರಾಜ್ಯಗಳ ಪುನರ್ವಿಂಗಡಣೆ ಗೆರೆ ಎಳೆದಾಗ ಇವು ಆಂಧ್ರದ ಕಡೆ ಉಳಿದವು. ಗೆರೆ ಎಳೆದ ಮಾತ್ರಕ್ಕೆ ಬಾಯಿ ಬದಲಾಗುವುದಿಲ್ಲವಲ್ಲ. ಈ ಸೀಮೆಯ ಸಂತೆಯಲ್ಲಿ ತೆಲುಗು, ದಖನಿ, ಕನ್ನಡ ಮೂರರಲ್ಲೂ ಚೌಕಾಶಿ ನಡೆಯುತ್ತದೆ. ಬಿಳಿಜೋಳ, ತೊಗರಿ, ಕಡಲೆ ಎರಡೂ ಬದಿಗೆ ಒಂದೇ.

ಪಸ್ತಾಪುರದಲ್ಲಿರುವುದು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. 1983ರಲ್ಲಿ ಶುರುವಾದ ಸಂಸ್ಥೆ. ಸುಮಾರು 75 ಹಳ್ಳಿಗಳಲ್ಲಿ ಹೆಂಗಸರ ಸಂಘಗಳನ್ನು ಕಟ್ಟಿತು. ಸದಸ್ಯೆಯರು ಐದು ಸಾವಿರದ ಆಸುಪಾಸು; ಬಹುಪಾಲು ದಲಿತರು, ಒಂದೆರಡು ಎಕರೆ ಮಳೆಯಾಶ್ರಿತ ಭೂಮಿಯವರು. ಸಿರಿಧಾನ್ಯದ ಸುದ್ದಿ ಓದುವವರಿಗೆ ಈ ಹೆಸರು ಹೊಸದಲ್ಲ. ಸಂಕ್ರಾಂತಿಯ ಹೊತ್ತಿಗೆ ಎತ್ತಿನ ಬಂಡಿಗಳನ್ನು ಸಿಂಗರಿಸಿ, ಹಳೆಯ ತಳಿಗಳ ಬೀಜ ಹೇರಿಕೊಂಡು ಊರೂರು ಸುತ್ತುವ ‘ಪಾತ ಪಂಟಲ ಜಾತರ’ ಇವರದೇ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯೂ ಬಂತು. ಬೀಜದ ಕಥೆ ಬೇಕಾದಷ್ಟು ಬರೆಯಲ್ಪಟ್ಟಿದೆ, ಅದನ್ನು ಇಲ್ಲಿಗೇ ಬಿಡೋಣ.

ಈ ಸಂಸ್ಥೆಗೆ ಕ್ಯಾಮೆರಾದ ನಂಟು ಬಂದದ್ದು ಮೈಸೂರಿನವರೊಬ್ಬರಿಂದ. ಸಂಸ್ಥಾಪಕರಲ್ಲಿ ಒಬ್ಬರೂ ಬಹುಕಾಲ ನಿರ್ದೇಶಕರೂ ಆಗಿದ್ದ ಪಿ.ವಿ. ಸತೀಶ್ 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಹೆಸರಿನ ಮುಂದಿನ ‘ಪಿ’ ಎಂದರೆ ಪಿರಿಯಾಪಟ್ಟಣ. ದೆಹಲಿಯ ಸಮೂಹ ಸಂವಹನ ಸಂಸ್ಥೆಯಲ್ಲಿ ಓದಿ, ಸುಮಾರು ಎರಡು ದಶಕ ದೂರದರ್ಶನದಲ್ಲಿ ಗ್ರಾಮೀಣ ಕಾರ್ಯಕ್ರಮ ಮಾಡಿದವರು. 1975–76ರಲ್ಲಿ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದ ‘ಸೈಟ್’ ಪ್ರಯೋಗ ನೆನಪಿರಬಹುದು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ಸತೀಶ್ ಅದರಲ್ಲಿ ಮುಖ್ಯವಾಗಿ ದುಡಿದವರು. ಆ ಪ್ರಯೋಗದಲ್ಲಿ ಕಾರ್ಯಕ್ರಮ ಬರೆಯುವವರು ಊರಾಚೆಯ ಸ್ಟುಡಿಯೊದಲ್ಲಿ, ನೋಡುವವರು ಊರೊಳಗಿನ ಪೆಟ್ಟಿಗೆಯ ಮುಂದೆ. ಪಸ್ತಾಪುರಕ್ಕೆ ಬಂದ ಮೇಲೆ ಅವರು ಮಾಡಿದ್ದು ಈ ಜಾಗಗಳನ್ನು ಅದಲುಬದಲು ಮಾಡುವ ಕೆಲಸ.

1990ರ ದಶಕದ ಕೊನೆಗೆ ಸಂಘದ ಹೆಂಗಸರ ಕೈಗೆ ವಿಡಿಯೊ ಕ್ಯಾಮೆರಾ ಬಂತು. 2001ರಲ್ಲಿ ಅವರದೇ ಕಮ್ಯೂನಿಟಿ ಮೀಡಿಯಾ ಟ್ರಸ್ಟ್ ಆಯಿತು. ಹುಮ್ನಾಪುರ ಲಕ್ಷ್ಮಮ್ಮ, ಜಹೀರಾಬಾದ್ ಪುಣ್ಯಮ್ಮ, ಹೀಗೆ ಊರಿನ ಹೆಸರನ್ನೇ ಮುಂದಿಟ್ಟುಕೊಂಡ ಇವರಲ್ಲಿ ಹಲವರಿಗೆ ಓದು ಬರಹ ಬಾರದು. ಹಗಲು ಹೊಲದ ಕೆಲಸ, ಕೂಲಿ. ಟ್ರೈಪಾಡ್ ನಿಲ್ಲಿಸುವುದು, ಫೋಕಸ್ ಹಿಡಿಯುವುದು, ಎಡಿಟಿಂಗ್ ಎಲ್ಲವನ್ನೂ ಇವರೇ ಕಲಿತರು.

ಸಿನಿಮಾ ಶಾಲೆಯಲ್ಲಿ ಮೊದಲ ವಾರ ಕಲಿಸುವ ಪಾಠ ಕ್ಯಾಮೆರಾ ಕೋನದ್ದು: ಹೈ ಆ್ಯಂಗಲ್, ಲೋ ಆ್ಯಂಗಲ್, ಐ ಲೆವೆಲ್. ಮೇಲಿಂದ ತೆಗೆದರೆ ವ್ಯಕ್ತಿ ಕುಗ್ಗಿದಂತೆ, ಕೆಳಗಿಂದ ತೆಗೆದರೆ ದೊಡ್ಡವನಾದಂತೆ ಕಾಣುತ್ತಾನೆ ಎಂದು ಪುಸ್ತಕ ಹೇಳುತ್ತದೆ. ಪಸ್ತಾಪುರದ ಹೆಂಗಸರಿಗೆ ಈ ಇಂಗ್ಲಿಷ್ ಹೆಸರುಗಳು ಬೇಕಾಗಲಿಲ್ಲ. ಮೇಲಿನಿಂದ ಕೆಳಕ್ಕೆ ನೋಡುವುದು ಅವರ ಬಾಯಲ್ಲಿ ‘ಪಟೇಲ್ ಶಾಟ್’. ಊರ ಗೌಡ ಜಗಲಿಯ ಮೇಲೆ ಕೂತು ಅಂಗಳದಲ್ಲಿ ನಿಂತವರನ್ನು ನೋಡುವ ರೀತಿ ಅದು. ಕೆಳಗಿನಿಂದ ಮೇಲಕ್ಕೆ ನೋಡುವುದು ಜೀತದಾಳಿನ ಶಾಟ್. ಒಡೆಯನ ಮುಂದೆ ನೆಲದ ಮೇಲೆ ಕೂತವನ ಕಣ್ಣು ಹೋಗುವ ದಿಕ್ಕು. ಕಣ್ಣಿಗೆ ಕಣ್ಣು ಸಮವಾಗಿ ನೋಡುವುದು ‘ಸಂಘಂ ಶಾಟ್’. ಸಂಘದ ಸಭೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಸುತ್ತ ಕೂರುತ್ತಾರೆ, ಯಾರೂ ಯಾರಿಗೂ ಮೇಲಲ್ಲ. ತಮ್ಮ ಕ್ಯಾಮೆರಾ ಇರಬೇಕಾದ ಎತ್ತರ ಇದೇ ಎಂದು ಅವರು ತೀರ್ಮಾನಿಸಿಕೊಂಡರು.

ಇದನ್ನು ಬರೀ ಜಾಣತನದ ಹೆಸರಿಡುವಿಕೆ ಎಂದುಕೊಂಡರೆ ವಿಷಯ ತಪ್ಪಿಹೋಗುತ್ತದೆ. ನಮ್ಮ ಹುಡುಗರು ಚಿತ್ರಕಥೆಯಲ್ಲಿ ‘ಲೋ ಆ್ಯಂಗಲ್’ ಎಂದು ಬರೆಯುವುದು ಹೀರೊ ಎಂಟ್ರಿಗೆ, ಚೆನ್ನಾಗಿ ಕಾಣಲಿ ಎಂದು. ಯಾರು ಯಾರನ್ನು ನೋಡುತ್ತಿದ್ದಾರೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಈ ಹೆಂಗಸರಿಗೆ ಅದೇ ಮೊದಲ ಪ್ರಶ್ನೆ, ಏಕೆಂದರೆ ಆ ಮೂರೂ ನೋಟಗಳ ಕೆಳಗೆ ಅವರು ಬದುಕಿದ್ದಾರೆ.

ಬರೆಯದೆ ಚಿತ್ರ ಕಟ್ಟುವುದು ಹೇಗೆ? ಅವರ ಹೆಸರಾಂತ ಕೆಲಸದಿಂದ ಇದು ಚೆನ್ನಾಗಿ ತಿಳಿಯುತ್ತದೆ. 2002ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಬಿಟಿ ಹತ್ತಿಯನ್ನು ಬೆಳೆಯಲು ಅನುಮತಿ ಕೊಟ್ಟಿತು. ಆ ವರ್ಷವೇ ವಾರಂಗಲ್ ಜಿಲ್ಲೆಯ ರೈತರು ಅದನ್ನು ಬಿತ್ತಿದರು. ಪಸ್ತಾಪುರದ ತಂಡ ಕ್ಯಾಮೆರಾ ಹೊತ್ತು ಅಲ್ಲಿಗೆ ಹೋಯಿತು, ಮತ್ತೆ ಹೋಯಿತು, ಬೆಳೆ ಮುಗಿಯುವವರೆಗೂ ತಿಂಗಳು ತಿಂಗಳು ಅದೇ ರೈತರ ಹೊಲಕ್ಕೆ ಹೋಗುತ್ತಲೇ ಇತ್ತು. ಮೊದಲ ಭೇಟಿಯಲ್ಲಿ ರೈತ ಭರವಸೆಯಲ್ಲಿ ಮಾತಾಡುತ್ತಾನೆ. ಕಾಯಿ ಕಟ್ಟುವ ಹೊತ್ತಿಗೆ ದನಿಯಲ್ಲಿ ಅನುಮಾನ. ಬಿಡಿಸುವ ಕಾಲಕ್ಕೆ ಖರ್ಚು ಎಷ್ಟು, ಬಂದದ್ದೆಷ್ಟು ಎಂಬ ಲೆಕ್ಕ, ಸಿಟ್ಟು. 2003ರಲ್ಲಿ ಬಂದ ಚಿತ್ರದ ಹೆಸರೇ ‘ವೈ ಆರ್ ವಾರಂಗಲ್ ಫಾರ್ಮರ್ಸ್ ಆಂಗ್ರಿ ವಿತ್ ಬಿಟಿ ಕಾಟನ್?’ ಪಠ್ಯಪುಸ್ತಕದ ಆರಂಭ, ಸಂಘರ್ಷ, ಪರಿಹಾರ ಎಂಬ ಮೂರು ಅಂಕ ಇಲ್ಲಿ ತಾನಾಗಿ ಬಂದಿದೆ, ಪರಿಹಾರದ ಭಾಗವೊಂದನ್ನು ಬಿಟ್ಟು. ಮುಂಗಾರಿನಿಂದ ಚಳಿಗಾಲದವರೆಗಿನ ಬೆಳೆಯೇ ಸೀನ್ ಆರ್ಡರ್ ಹಾಕಿಕೊಟ್ಟಿತು. ಮುಂದೆ 2005ರಲ್ಲಿ ಮೂರು ವರ್ಷದ ಫಲಿತಾಂಶದ ಮೇಲೆ ಇನ್ನೊಂದು ಚಿತ್ರ, 2007ರಲ್ಲಿ ಮಾಲಿ, ದಕ್ಷಿಣ ಆಫ್ರಿಕಾ, ಇಂಡೊನೇಷ್ಯಾದ ಹತ್ತಿ ಬೆಳೆಗಾರರ ಅನುಭವವನ್ನೂ ಸೇರಿಸಿಕೊಂಡ ಮತ್ತೊಂದು ಬಂದವು.

ಈ ಚಿತ್ರಗಳಲ್ಲಿ ಕುಂದಿಲ್ಲವೆಂದಲ್ಲ. ಮಾತು ಹೆಚ್ಚು. ಕ್ಯಾಮೆರಾದ ಮುಂದೆ ಕೂತು ಹೇಳುವವರ ಮೇಲೇ ಭಾರ ಬಿದ್ದಿದೆ. ಪಕ್ಷವಂತೂ ಮೊದಲೇ ನಿಶ್ಚಯ. ಬೀಜದ ಕಂಪನಿಯವರ ಮಾತಿಗೆ ಸಿಗುವ ಜಾಗ ಕಡಿಮೆ. ಅವರು ಬೇಡವೆಂದ ಬಿಟಿ ಹತ್ತಿ ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಜಮೀನಿನ ಶೇ 90ಕ್ಕೂ ಹೆಚ್ಚು ಭಾಗಕ್ಕೆ ಹಬ್ಬಿತು ಎಂಬುದನ್ನೂ ಹೇಳಬೇಕು. ಹಾಗಿದ್ದೂ, ಒಂದೇ ಹೊಲಕ್ಕೆ ತಿಂಗಳು ತಿಂಗಳು ಮರಳಿ ಹೋಗುವ ತಾಳ್ಮೆ ಎಷ್ಟು ಜನ ವೃತ್ತಿಪರ ಸಾಕ್ಷ್ಯಚಿತ್ರಕಾರರಿಗಿದೆ?

ಬಾಯಿಮಾತಿನ ಈ ಕಸುಬಿಗೆ ಇನ್ನೊಂದು ಕವಲೂ ಇದೆ. ಪಸ್ತಾಪುರದ ಹತ್ತಿರದ ಮಾಚನೂರಿನಲ್ಲಿ ‘ಸಂಘಂ ರೇಡಿಯೊ’ ಇದೆ. ಯುನೆಸ್ಕೊ ನೆರವಿನಿಂದ ಸ್ಟುಡಿಯೊ ಎದ್ದ ಮೇಲೂ ಪರವಾನಗಿ ಸಿಗದೆ, ಹೆಂಗಸರು ಸುಮಾರು ಹತ್ತು ವರ್ಷ ಕಾರ್ಯಕ್ರಮಗಳನ್ನು ಟೇಪಿಗೆ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸಿದರು. 2008ರ ಅಕ್ಟೋಬರ್ 15ರಂದು 90.4 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಶುರುವಾಯಿತು. ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್. ಗಾಳಿಯಲೆಗಳು ಸಾರ್ವಜನಿಕ ಆಸ್ತಿ ಎಂಬ 1995ರ ಸುಪ್ರೀಂ ಕೋರ್ಟ್ ತೀರ್ಪನ್ನು ಬರೆದವರೇ ಅವರು. ಜನರಲ್ ನರ್ಸಮ್ಮ, ಅಲ್ಗೋಲ್ ನರ್ಸಮ್ಮ ಎಂಬಿಬ್ಬರು ಈ ಕೇಂದ್ರವನ್ನು ನಡೆಸಿಕೊಂಡು ಬಂದರು. ಹಳ್ಳಿಯವರ ಹಾಡು, ಬಿತ್ತನೆ, ಮನೆಮದ್ದು, ಜಗಳ, ಎಲ್ಲವೂ ಅಲ್ಲಿ ಕಾರ್ಯಕ್ರಮವೇ.

ಕಥೆಯನ್ನು ಬಾಯಲ್ಲಿ ಹೇಳಿ ಒಪ್ಪಿಸುವುದು ನಮ್ಮ ಗಾಂಧಿನಗರಕ್ಕೂ ಹೊಸತಲ್ಲ. ನಿರ್ದೇಶಕ ನಿರ್ಮಾಪಕನೆದುರು ಕೂತು ಎರಡು ತಾಸು ಕಥೆ ಹೇಳುತ್ತಾನೆ. ಹಿನ್ನೆಲೆ ಸಂಗೀತವನ್ನೂ ಬಾಯಲ್ಲೇ ಬಾರಿಸುತ್ತಾನೆ. ಒಪ್ಪಿಗೆಯಾದ ಮೇಲೆ ‘ಡಿಸ್ಕಷನ್’ಗೆ ಕೂರುತ್ತಾರೆ, ಎಷ್ಟೋ ಸಲ ಪೂರ್ತಿ ಪ್ರತಿ ಸಿದ್ಧವಾಗುವ ಹೊತ್ತಿಗೆ ಮುಹೂರ್ತವೂ ಆಗಿರುತ್ತದೆ. ವೃತ್ತಿಯ ಬಾಗಿಲಲ್ಲಿ ಹೇಳುವ ಕಲೆಗೆ ಬೆಲೆ, ಕಾಲೇಜಿನ ಸ್ಪರ್ಧೆಯಲ್ಲಿ ಮಾತ್ರ ಅಂಚು, ಅಕ್ಷರದ ಗಾತ್ರ ನೋಡಿ ಅಂಕ.

2024ರ ಮೇನಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ‘ಲಾ ಸಿನೆಫ್’ನಲ್ಲಿ ಮೊದಲ ಬಹುಮಾನ ಗೆದ್ದದ್ದು ಕನ್ನಡದ ಕಿರುಚಿತ್ರ, ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಚಿದಾನಂದ ಎಸ್. ನಾಯ್ಕ್ ಅದರ ನಿರ್ದೇಶಕ. ಹದಿನಾರು ನಿಮಿಷದ್ದು. ಕಥೆ ಯಾವುದು? ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದು, ಊರಿಗೆ ಬೆಳಗೇ ಆಗದೆ ಹೋಗುವ ನಮ್ಮ ಜನಪದ ಕಥೆ. ಬರೆಯಲು ಬಾರದವರು ತಲೆಮಾರುಗಳಿಂದ ಹೇಳುತ್ತ ಬಂದದ್ದು ಜಗತ್ತಿನ ಫಿಲ್ಮ್ ಶಾಲೆಗಳ ಸ್ಪರ್ಧೆಯಲ್ಲಿ ಗೆದ್ದಿತು. ನಮ್ಮ ಪದವಿ ಕಾಲೇಜುಗಳ ಸ್ಪರ್ಧೆಗೆ ಬರುವ ಕಥೆಗಳಲ್ಲಿ ಎಷ್ಟು ಬೆಂಗಳೂರಿನ ಕಾಫಿ ಶಾಪಿನಲ್ಲಿ ನಡೆಯುತ್ತವೆ ಎಂದು ತೀರ್ಪುಗಾರರನ್ನು ಕೇಳಿ ನೋಡಿ.

ಸತೀಶ್ 2023ರ ಮಾರ್ಚ್ 19ರಂದು ತೀರಿಕೊಂಡರು. ಸಿರಿಧಾನ್ಯದ ಅಂತರರಾಷ್ಟ್ರೀಯ ವರ್ಷವೆಂದು ಜಗತ್ತು ಆಚರಿಸುತ್ತಿದ್ದ ವರ್ಷವದು. ಅಂತ್ಯಕ್ರಿಯೆ ಪಸ್ತಾಪುರದಲ್ಲೇ ಆಯಿತು.

ಚಿತ್ರಕಥೆ ಸ್ಪರ್ಧೆ ನಡೆಸುವ ಕಾಲೇಜುಗಳಿಗೆ, ಅದರಲ್ಲೂ ಬೀದರ್, ಕಲಬುರಗಿ, ಯಾದಗಿರಿ ಕಡೆಯವಕ್ಕೆ, ಒಂದು ಬಿನ್ನಹ. ಟೈಪ್ ಮಾಡಿದ ಪ್ರತಿ ತರಿಸಿಕೊಳ್ಳಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಹತ್ತು ನಿಮಿಷ ಬಾಯಲ್ಲಿ ಕಥೆ ಹೇಳುವ ಒಂದು ಸುತ್ತು ಇಡಿ, ಅದಕ್ಕೂ ಸಮನಾದ ಅಂಕ ಕೊಡಿ. ತನ್ನ ಮನೆಯ ಮಾತಿನಲ್ಲಿ, ಅದು ಬೀದರ್ ಕನ್ನಡವಾಗಲಿ ಲಂಬಾಣಿಯಾಗಲಿ, ಹೇಳಲು ಬಿಡಿ. ತೀರ್ಪುಗಾರರ ಸಾಲಿನಲ್ಲಿ ಒಬ್ಬ ನಿರ್ದೇಶಕನ ಪಕ್ಕ ಪಸ್ತಾಪುರದ ಒಬ್ಬ ಹೆಣ್ಣುಮಗಳನ್ನು ಕೂರಿಸಿ. ಬೀದರಿನಿಂದ ಜಹೀರಾಬಾದಿಗೆ ರೈಲೂ ಉಂಟು, ಬಸ್ಸೂ ಉಂಟು, ಒಂದು ಗಂಟೆಯ ದಾರಿ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವುದಾದರೆ ಜನವರಿಯ ಜಾತರ ಸಮಯ ಒಳ್ಳೆಯದು, ಮೊದಲೇ ತಿಳಿಸಿ ಹೋಗಿ.