ಹದಿನೇಳಲ್ಲ, ಹತ್ತೇ

ಕಣಕಟ್ಟೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಗಿನ ಮಾತು ಕೊಬ್ಬರಿ ರೇಟಿನಿಂದ ಶುರುವಾಗಿ ಪೇಪರಿನ ಮೂಲೆ ಸುದ್ದಿಗೆ ಬರುತ್ತದೆ. ಎಲ್ಲಿಯದೋ ಅತ್ಯಾಚಾರದ ಕೇಸು, ಶಿಕ್ಷೆಯಾಗಿದೆ. ಪೇಪರ್ ಹಿಡಿದ ಹಿರಿಯರು ಬೆರಳು ಮಡಿಸುತ್ತಾರೆ: ಅತ್ಯಾಚಾರಕ್ಕೆ ಹತ್ತು, ಅಪಹರಣಕ್ಕೆ ಐದು, ಬೆದರಿಕೆಗೆ ಎರಡು. “ಹದಿನೇಳು ವರ್ಸ ಬಿದ್ದೈತೆ ನೋಡ್ಲಾ.” “ಇಲ್ಲ ಕಣಣ್ಣ, ಹತ್ತೇಯ,” ಅನ್ನುತ್ತಾನೆ ಕೋರ್ಟಿಗೆ ಅಲೆದು ಗೊತ್ತಿರುವ ಇನ್ನೊಬ್ಬ. ಅವನ ಲೆಕ್ಕವೇ ಸರಿ. ಆದೇಶದ ಕೊನೆಗೆ ‘ಶಿಕ್ಷೆಗಳನ್ನು ಏಕಕಾಲಕ್ಕೆ ಅನುಭವಿಸತಕ್ಕದ್ದು’ ಎಂದಿದ್ದರೆ ದೊಡ್ಡದರೊಳಗೇ ಚಿಕ್ಕವೂ ಮುಗಿಯುತ್ತವೆ. ವಿಚಾರಣೆ ಕಾಲದಲ್ಲಿ ಜೈಲಿನಲ್ಲಿದ್ದ ದಿನಗಳೂ ಅದರಲ್ಲೇ ವಜಾ.

ಕೊಲೆ, ಅತ್ಯಾಚಾರದ ಕೇಸು ಮ್ಯಾಜಿಸ್ಟ್ರೇಟರ ಹತ್ತಿರ ತೀರುವುದಿಲ್ಲ, ಸೆಷನ್ಸಿಗೆ ಹೋಗಬೇಕು. ಅಲ್ಲಿ ‘ಅಪರಾಧ ಸಾಬೀತಾಗಿದೆ’ ಎಂದ ಮೇಲೂ ನ್ಯಾಯಾಧೀಶರು ಒಂದೇ ಉಸಿರಿಗೆ ಶಿಕ್ಷೆ ಹೇಳುವಂತಿಲ್ಲ. ಶಿಕ್ಷೆಯ ಪ್ರಮಾಣದ ಬಗ್ಗೆ ಅಪರಾಧಿಯ ಮಾತನ್ನು ಬೇರೆಯಾಗಿ ಕೇಳಬೇಕು. ಕಟಕಟೆಯಲ್ಲಿ ನಿಂತವನು ಕೈ ಮುಗಿಯುತ್ತಾನೆ. “ವಯಸ್ಸಾದ ತಾಯಿ ಅವ್ರೆ ಸ್ವಾಮಿ, ಸಣ್ಣ ಮಕ್ಳವೆ. ದುಡಿಯೋನು ನಾನೊಬ್ನೇ.” ಟೈಪಿಸ್ಟ್ ಬೆರಳಿನಲ್ಲಿ ಅದು ‘ಅಪರಾಧಿಯು ಕುಟುಂಬದ ಏಕೈಕ ಆಧಾರ’ ಎಂದಾಗುತ್ತದೆ. ಸರ್ಕಾರಿ ವಕೀಲರು ಎದ್ದು ಹುಡುಗಿಯ ವಯಸ್ಸನ್ನು ಮತ್ತೊಮ್ಮೆ ಹೇಳುತ್ತಾರೆ. ಅಷ್ಟೇ.

ತಾಯಿ, ಹೆಂಡತಿ, ಮಕ್ಕಳ ಈ ಮಾತಿಗೆ ಒಂದು ಕಾಲದಲ್ಲಿ ಭಾರೀ ತೂಕವಿತ್ತು. ಕರ್ನಾಟಕದ್ದೇ ಒಂದು ಪ್ರಕರಣ: ಏಳೆಂಟು ವರ್ಷದ ಹುಡುಗಿ, ಕೆಳಗಿನ ಕೋರ್ಟು ಕೊಟ್ಟದ್ದು 10 ವರ್ಷ. ಅಪರಾಧಿ ಓದುಬರಹ ಬಾರದವನು, ಕುಡಿತದ ಚಟದವನು, ಮನೆಯವರು ಅವನನ್ನೇ ನಂಬಿದ್ದಾರೆ ಎಂದು ಹೈಕೋರ್ಟು ಅದನ್ನು 4ಕ್ಕೆ ಇಳಿಸಿತು. ಕುಡಿತವೂ ರಿಯಾಯಿತಿಗೆ ಕಾರಣವಾಯಿತಲ್ಲ! 2000ದಲ್ಲಿ ಮುಖ್ಯ ನ್ಯಾಯಮೂರ್ತಿ ಎ.ಎಸ್. ಆನಂದ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಇವು ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಡಲು ಕಾನೂನು ಆಗ ಕೇಳುತ್ತಿದ್ದ ವಿಶೇಷ ಕಾರಣಗಳೇ ಅಲ್ಲ ಎಂದು 10 ವರ್ಷವನ್ನೇ ಮತ್ತೆ ಎತ್ತಿಹಿಡಿಯಿತು.

ದಂಡ ಸಂಹಿತೆಯ 2013ರ ತಿದ್ದುಪಡಿ, ಅತ್ಯಾಚಾರಕ್ಕೆ ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಡುವ ಆ ಬಾಗಿಲನ್ನೇ ಮುಚ್ಚಿತು. 2019ರಲ್ಲಿ ಪೋಕ್ಸೊ ಕಾಯ್ದೆ ಇನ್ನೂ ಬಿಗಿಯಾಯಿತು: ಮಕ್ಕಳ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ, ಮಗು 16ರ ಒಳಗಿದ್ದರೆ 20. ಹಾಗಾಗಿ ಕಟಕಟೆಯ ಆ ಮಾತು ಇವತ್ತು ಬಹುಪಾಲು ಶಾಸ್ತ್ರಕ್ಕೆ.

ಹೈಕೋರ್ಟಿನ ಆ ಕರುಣೆ ಅಗ್ಗದ್ದು, ಅನುಮಾನವಿಲ್ಲ. ಆದರೆ ಹದಿನೇಳರ ಹುಡುಗಿ ತಾನೇ ಇಷ್ಟಪಟ್ಟು ಹತ್ತೊಂಬತ್ತರ ಹುಡುಗನ ಜೊತೆ ಊರು ಬಿಟ್ಟು ಹೋಗಿ ದೈಹಿಕ ಸಂಬಂಧ ಬೆಳೆಸಿದರೂ ಕಾಯ್ದೆಗೆ ಅದು ಅದೇ ಅಪರಾಧ, ಅದೇ ಹತ್ತು ವರ್ಷ. ಇಂಥ ಕೇಸುಗಳನ್ನು ಕಂಡೇ 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಮರುವರ್ಷ ಆಯೋಗ ತನ್ನ 283ನೇ ವರದಿಯಲ್ಲಿ ಕೊಟ್ಟ ಉತ್ತರ: 18 ಹಾಗೇ ಇರಲಿ, 16ರಿಂದ 18ರ ನಡುವಿನವರ ಇಂಥ ಪ್ರಕರಣಗಳಲ್ಲಿ ಶಿಕ್ಷೆ ಎಷ್ಟೆಂಬುದನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಿ.