ಹಳೆಯ ಪ್ಲಾಸ್ಟಿಕ್ ವಿಮಾನ ಕಟ್ಟುವ ಹವ್ಯಾಸ

ಬಿಡುವಿನ ವೇಳೆ ಕಳೆಯುವ ಹವ್ಯಾಸಗಳು ಹಲವು. ಅಂಚೆಚೀಟಿ ಕೂಡಿಸುವವರುಂಟು, ಇಸ್ಪೀಟು ಆಡುವವರುಂಟು, ವಾಚನಾಲಯದ ಪತ್ರಿಕೆಯನ್ನು ಜಾಹೀರಾತಿನವರೆಗೂ ಬಿಡದೆ ಓದುವವರೂ ಉಂಟು. ಈ ಸಾಲಿಗೆ ಸೇರತಕ್ಕ ಇನ್ನೊಂದು ಹವ್ಯಾಸವೆಂದರೆ, ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ ವಿಮಾನದ ಮಾದರಿಯನ್ನು ಕಟ್ಟುವುದು. ಅದರಲ್ಲಿಯೂ ಹಳೆಯ ಕಾಲದ ದೊಡ್ಡ ಪೆಟ್ಟಿಗೆಯೊಂದು ಕೈಗೆ ಸಿಕ್ಕಿತೆಂದರೆ, ಅದನ್ನು ಒಡೆದು ಕಟ್ಟುವುದೋ, ಬೆಲೆ ಏರಲೆಂದು ಹಾಗೆಯೇ ಇಡುವುದೋ ಎಂಬ ಪ್ರಶ್ನೆ ಏಳುತ್ತದೆ. ಕಟ್ಟಬೇಕೆಂಬುದೇ ನಮ್ಮ ಅಭಿಪ್ರಾಯ. ಕಾರಣವನ್ನು ಒಂದು ಉದಾಹರಣೆಯ ಮೂಲಕ ವಿವರಿಸುತ್ತೇವೆ.

ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯನ್ನು 1939ರಲ್ಲಿ ಹಂಗೇರಿಯಿಂದ ಬಂದ ನಿಕೊಲಾಸ್ ಕೋವ್ ಎಂಬವರು ಸ್ಥಾಪಿಸಿದರು. ಮೊದಲು ಅಲ್ಲಿ ಗಾಳಿ ತುಂಬುವ ರಬ್ಬರ್ ಆಟಿಕೆಗಳೂ ಆಮೇಲೆ ಬಾಚಣಿಗೆಗಳೂ ತಯಾರಾಗುತ್ತಿದ್ದವು. 1953ರಲ್ಲಿ ಸ್ಪಿಟ್‌ಫೈರ್ ವಿಮಾನದ ಚಿಕ್ಕ ಮಾದರಿ ಹೊರಬಂದಿತು. 1970ರಲ್ಲಿ ಅದೇ ವಿಮಾನದ ದೊಡ್ಡ ಮಾದರಿಯನ್ನು, ನಿಜವಾದ ಅಳತೆಯ 24ರಲ್ಲಿ 1ರ ಪ್ರಮಾಣದಲ್ಲಿ, ಮಾರಾಟಕ್ಕೆ ಇಟ್ಟರು. ನಿಜವಾದ ಸ್ಪಿಟ್‌ಫೈರಿನ ರೆಕ್ಕೆಗಳ ಹರವು 36 ಅಡಿ 10 ಇಂಚು. ಮಾದರಿಯದು ಸುಮಾರು ಹದಿನೆಂಟೂವರೆ ಇಂಚು. ಉದ್ದ ಸುಮಾರು 15 ಇಂಚು. ಒಳಗೆ ಮರ್ಲಿನ್ ಇಂಜಿನ್ನಿನ ಮಾದರಿಯೂ ಇದೆ.

ಮೂಲ ವಿಮಾನವನ್ನು ರೂಪಿಸಿದವರು ಆರ್. ಜೆ. ಮಿಚೆಲ್ ಎಂಬ ಇಂಜಿನಿಯರು. ಅದು ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಮಿಚೆಲ್ ಅವರು 1937ರ ಜೂನ್ ತಿಂಗಳಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ ತೀರಿಕೊಂಡರು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಆ ವಿಮಾನ ಗಳಿಸಿದ ಕೀರ್ತಿಯನ್ನು ಅವರು ಕಾಣಲಿಲ್ಲ. ಈ ಜಾತಿಯ ವಿಮಾನಗಳು ಭಾರತದ ವಾಯುಪಡೆಯಲ್ಲಿಯೂ ಇದ್ದು, 1947ರ ಕಾಶ್ಮೀರ ಕಾಳಗದಲ್ಲಿ ಕೆಲಸ ಮಾಡಿದವು.

ಈಗ ಪೆಟ್ಟಿಗೆಯ ವಿಷಯ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹರಳುಗಳನ್ನು ಕಾಯಿಸಿ, ಕರಗಿದ ರಸವನ್ನು ಭಾರಿ ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿದರೆ, ತಣಿದ ಮೇಲೆ ಬಿಡಿಭಾಗಗಳು ಒಂದು ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡು ಹೊರಬರುತ್ತವೆ. ಅಚ್ಚು ಸವೆದಂತೆ ಸಂದಿಗಳಲ್ಲಿ ರಸ ಜಿನುಗಿ, ಭಾಗಗಳ ಅಂಚಿಗೆ ತೆಳ್ಳಗಿನ ಪೊರೆ ಹುಟ್ಟುತ್ತದೆ. ದಪ್ಪನಾದ ಕಡೆ ಪ್ಲಾಸ್ಟಿಕ್ ತಣಿಯುವಾಗ ಕುಗ್ಗಿ ಸಣ್ಣ ಗುಳಿ ಬೀಳುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಇವೆರಡೂ ಸಾಮಾನ್ಯ.

ಮುಚ್ಚಿಟ್ಟ ಪೆಟ್ಟಿಗೆ ಹಾಗೆಯೇ ಹೊಸದಾಗಿ ಉಳಿಯುತ್ತದೆಂದು ತಿಳಿಯಬಾರದು. ನೀರಿನಲ್ಲಿ ನೆನೆಸಿ ಅಂಟಿಸುವ ಚಿಹ್ನೆಗಳಿಗೆ ಡಿಕಾಲ್ ಎನ್ನುತ್ತಾರೆ. ಇವು ವರ್ಷಗಳು ಕಳೆದಂತೆ ಹಳದಿಯಾಗಿ, ಬಿರುಕುಬಿಟ್ಟು, ನೀರಿಗೆ ಹಾಕಿದೊಡನೆ ಚೂರುಚೂರಾಗುವುದುಂಟು. ಕೆಲವು ಪೆಟ್ಟಿಗೆಗಳಲ್ಲಿರುವ ಮೆತ್ತನೆಯ ಟೈರುಗಳಿಂದ ಎಣ್ಣೆಯಂಥ ಪದಾರ್ಥ ಹೊರಬಂದು ಪಕ್ಕದ ಗಟ್ಟಿ ಪ್ಲಾಸ್ಟಿಕ್ಕನ್ನೇ ತಿಂದುಹಾಕುತ್ತದೆ. ಭಾರದ ಕೆಳಗಿಟ್ಟ ರೆಕ್ಕೆ ಸೊಟ್ಟಗಾಗಬಹುದು. ಅಂದರೆ, ಯಾರೂ ಮುಟ್ಟದಿದ್ದರೂ ಕಾಲ ಮುಟ್ಟುತ್ತದೆ.

ಆದ್ದರಿಂದ ಮೊದಲು ಟೈರುಗಳನ್ನು ಬೇರೆ ಮಾಡಿಡಬೇಕು. ಭಾಗಗಳನ್ನು ಉಗುರುಬಿಸಿ ಸಾಬೂನು ನೀರಿನಲ್ಲಿ ತೊಳೆದು ಆರಿಸಬೇಕು. ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಭಾಗಗಳನ್ನು ಚೌಕಟ್ಟಿನಿಂದ ಮುರಿಯದೆ ಬ್ಲೇಡಿನಿಂದ ಕತ್ತರಿಸಿ, ಪೊರೆಯನ್ನು ಕೆರೆದು, ಸಣ್ಣ ಅರದಿಂದ ನಯಮಾಡಬೇಕು. ಅಂಟು ಹಚ್ಚುವ ಮೊದಲು ಎರಡು ಭಾಗಗಳನ್ನು ಒಣದಾಗಿ ಕೂಡಿಸಿ ನೋಡುವುದು ಮುಖ್ಯ. ಹಳೆಯ ಪೆಟ್ಟಿಗೆಯಲ್ಲಿ ಅರ್ಧ ಕೆಲಸ ಈ ಕೂಡಿಸಿ ನೋಡುವುದರಲ್ಲಿಯೇ ಇದೆ.

ಇಲ್ಲಿ ಬಳಸುವ ಅಂಟು ಕಾಗದ ಅಂಟಿಸುವ ಗೋಂದಿನಂಥದಲ್ಲ. ಅದು ಪ್ಲಾಸ್ಟಿಕ್ಕಿನ ಮೈಯನ್ನು ತುಸು ಕರಗಿಸಿ, ಎರಡು ಭಾಗಗಳನ್ನು ಬೆಸುಗೆಯಂತೆ ಒಂದಾಗಿಸುತ್ತದೆ. ಹೆಚ್ಚಾದರೆ ಭಾಗವೇ ಕರಗಿ ರೂಪ ಕೆಡುತ್ತದೆ. ಕುಂಚದ ತುದಿಯಷ್ಟು ಸಾಕು. ಆರುವವರೆಗೆ ರಬ್ಬರ್ ಬ್ಯಾಂಡೋ ಬಟ್ಟೆಗೆ ಹಾಕುವ ಕ್ಲಿಪ್ಪೋ ಹಿಡಿದಿರಲಿ. ಪಾರದರ್ಶಕವಾದ ಗಾಜಿನ ಭಾಗಕ್ಕೆ ಮಾತ್ರ ಮರಗೆಲಸದ ಬಿಳಿ ಅಂಟನ್ನೇ ಹಚ್ಚಬೇಕು, ಇಲ್ಲವಾದರೆ ಅದು ಮಸುಕಾಗುತ್ತದೆ. ಈ ಅಂಟಿನ, ಬಣ್ಣದ ಆವಿ ಒಳ್ಳೆಯದಲ್ಲ. ಬೇಗ ಹೊತ್ತಿಕೊಳ್ಳುವ ಗುಣವೂ ಅದಕ್ಕಿದೆ. ಒಂದೇ ಕೋಣೆಯಲ್ಲಿ ಅಡಿಗೆ, ನಿದ್ದೆ ಎಲ್ಲವನ್ನೂ ಮಾಡುವ ನಮ್ಮಂಥವರು ಕಿಟಕಿ ತೆರೆದು, ಒಲೆ ಆರಿಸಿ ಕೂಡುವುದು ಕ್ಷೇಮ.

ಪೈಲಟ್ ಕೂಡುವ ಜಾಗಕ್ಕೆ ಬಣ್ಣ ಹಚ್ಚಿದ ಮೇಲೆಯೇ ವಿಮಾನದ ಒಡಲಿನ ಎರಡು ಹೋಳುಗಳನ್ನು ಕೂಡಿಸತಕ್ಕದ್ದು. ಆಮೇಲೆ ಕೈ ಹೋಗುವುದಿಲ್ಲ. ಕೂಡಿದ ಗೆರೆಗೆ ಪುಟ್ಟಿ ತುಂಬಿ, ಒದ್ದೆ ಮಾಡಿದ ನಯವಾದ ಎಮರಿ ಕಾಗದದಿಂದ ಉಜ್ಜಿದರೆ ಗೆರೆ ಮಾಯವಾಗುತ್ತದೆ. 1940ರ ಸ್ಪಿಟ್‌ಫೈರಿಗೆ ಮೇಲ್ಭಾಗದಲ್ಲಿ ಕಡುಹಸಿರು ಮತ್ತು ಮಣ್ಣಿನ ಕಂದು ಬಣ್ಣದ ಪಟ್ಟೆಗಳು. ಮೇಲಿನಿಂದ ನೋಡುವ ಶತ್ರುವಿಗೆ ಅದು ಹೊಲಗದ್ದೆಯಲ್ಲಿ ಬೆರೆತಂತೆ ಕಾಣಲೆಂದು ಈ ಉಪಾಯ. ಡಿಕಾಲುಗಳ ಪೈಕಿ ಬೇಡವಾದ ಒಂದನ್ನು ಮೊದಲು ನೆನೆಸಿ ಪರೀಕ್ಷಿಸಬೇಕು. ಅದು ಒಡೆದರೆ, ಉಳಿದವುಗಳಿಗೆ ಬಣ್ಣವಿಲ್ಲದ ವಾರ್ನಿಷ್ ತೆಳುವಾಗಿ ಹಚ್ಚಿ, ಒಣಗಿಸಿ, ಬಳಿಕ ಕತ್ತರಿಸಿ ಬಳಸಬಹುದು.

ಹಳೆಯ ಮಾದರಿಗಳಲ್ಲಿ ರಿವೆಟ್ಟುಗಳು ಮೈಮೇಲೆಲ್ಲ ಎದ್ದು ಕಾಣುತ್ತವೆಂದು ಬಲ್ಲವರು ದೂರುತ್ತಾರೆ. ಮಾತು ನಿಜ, ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರಿನ ಉಬ್ಬೆಂದರೆ ನಿಜ ವಿಮಾನದಲ್ಲಿ 12 ಮಿಲಿಮೀಟರಾಯಿತು. ಏರ್‌ಫಿಕ್ಸಿನವರೇ 2022ರಲ್ಲಿ ಇದೇ ಪ್ರಮಾಣದಲ್ಲಿ ಸ್ಪಿಟ್‌ಫೈರಿನ ಮುಂದಿನ ಮಾದರಿಯೊಂದಕ್ಕೆ ಹೊಸ ಅಚ್ಚನ್ನೇ ಮಾಡಿಸಿ ಹೊರತಂದರು. ಆದರೆ ಬಹುಮಾನಕ್ಕಾಗಿ ಕಟ್ಟದವನಿಗೆ ಈ ಕೊರತೆ ದೊಡ್ಡದಲ್ಲ. ಬೇಕಾದರೆ ಉಜ್ಜಬಹುದು, ಬೇಡವಾದರೆ ಬಿಡಬಹುದು. ಯಾವ ಸಾಹೇಬರೂ ಬಂದು ತಪ್ಪು ಗುರುತಿಸುವುದಿಲ್ಲ.

ಹವ್ಯಾಸದ ಹಿರಿಮೆ ಇರುವುದು ಇಲ್ಲಿಯೇ. ಗುಮಾಸ್ತನು ಬರೆದ ಲೆಕ್ಕ ತಿಂಗಳ ಕೊನೆಗೆ ಮುಗಿದು, ಮರುದಿನ ಮತ್ತೆ ಮೊದಲಾಗುತ್ತದೆ. ಯಂತ್ರದ ಮುಂದೆ ನಿಂತವನು ಇಡೀ ವಸ್ತುವನ್ನು ಕಾಣುವುದೇ ಅಪರೂಪ. ಈ ಮಾದರಿಯೋ ಮೊದಲ ಭಾಗದಿಂದ ಕೊನೆಯ ಭಾಗದವರೆಗೆ ಒಬ್ಬನ ಕೈಯಲ್ಲಿಯೇ ಆಗುತ್ತದೆ. ಹೊಸಬರು 72ರಲ್ಲಿ 1ರ ಪ್ರಮಾಣದ, ಆರು ಇಂಚು ರೆಕ್ಕೆಯ ಚಿಕ್ಕ ಪೆಟ್ಟಿಗೆಯಿಂದ ಪ್ರಾರಂಭಿಸಲಿ. ಒಂದೇ ಕೋಣೆಯ ಇಬ್ಬರು ಮೂವರು ಸೇರಿ ಕೊಂಡರೆ ಖರ್ಚೂ ಹಗುರ.

ಪೆನ್ಷನ್ ಬಂದ ಮೇಲೆ, ಊರು ಸೇರಿದ ಮೇಲೆ ಎಂದು ನಾವು ಮುಂದಕ್ಕೆ ಹಾಕುವ ಸಂತೋಷಗಳು ಎಷ್ಟೋ ಇವೆ. ಅವೂ ಈ ಪೆಟ್ಟಿಗೆಯ ಡಿಕಾಲಿನಂತೆ ಇಟ್ಟಲ್ಲಿಯೇ ಹಳದಿಯಾಗುತ್ತವೆ. ಬರುವ ಭಾನುವಾರ ಒಂದು ಗಂಟೆ ಸಿಕ್ಕಿದರೂ ಸಾಕು. ರೆಕ್ಕೆಯ ಎರಡು ಹೋಳು ಕೂಡುತ್ತವೆ.